ಏಕಾಂತಯ್ಯ ಕೊರೆದದ್ದು, ಕೆರೆದದ್ದು

ತಿಪಟೂರಿನ ಪೇಟೆಬೀದಿಯಲ್ಲಿ ತೋಂಟದಾರ್ಯನವರ ಪಾತ್ರೆ ಅಂಗಡಿಯ ಮೆಟ್ಟಿಲ ಪಕ್ಕ ಒಂದು ಮಣೆ ಹಾಕಿಕೊಂಡು ಏಕಾಂತಯ್ಯ ಕೂರುತ್ತಿದ್ದ. ಪಾತ್ರೆಗಳ ಮೇಲೆ ಹೆಸರು ಕೊರೆಯುವುದು ಅವನ ಕಸುಬು. ಅವನ ಅಪ್ಪನೂ ಅದನ್ನೇ ಮಾಡಿಕೊಂಡು ಹುಳಿಯಾರು, ಚಿಕ್ಕನಾಯಕನಹಳ್ಳಿ ಅಂತ ಸಂತೆಯಿಂದ ಸಂತೆಗೆ ಅಲೆದವನು. ಮಗ ಒಂದೇ ಕಡೆ ಕೂತು ಉಣ್ಣಲಿ ಎಂದು ಹದಿನಾರನೇ ವಯಸ್ಸಿಗೆ ಅವನನ್ನು ಹಾಸನದ ಒಬ್ಬ ಬೆಳ್ಳಿ ಕೆಲಸದವರ ಹತ್ತಿರ ಬಿಟ್ಟಿದ್ದ. ಅಲ್ಲಿ ನಾಲ್ಕು ವರ್ಷ ಇದ್ದು, ಸುತ್ತಿಗೆಯ ಹಂಗಿಲ್ಲದೆ ಅಂಗೈಯ ಒತ್ತಡದಲ್ಲೇ ಉಳಿಯನ್ನು ಬೆಳ್ಳಿಯೊಳಗೆ ನೂಕುತ್ತಾ ಗೆರೆ ಎಬ್ಬಿಸುವುದನ್ನು ಕಲಿತು ಬಂದ. ತಿಪಟೂರಿನಲ್ಲಿ ಬೆಳ್ಳಿಯ ಮೇಲೆ ಹೆಸರು ಹಾಕಿಸುವವರು ವರ್ಷಕ್ಕೆ ನಾಲ್ಕು ಜನ. ಉಳಿದದ್ದೆಲ್ಲ ಹಿತ್ತಾಳೆ, ತಾಮ್ರ, ಆಮೇಲೆ ಸ್ಟೀಲು. ಅವಕ್ಕೆ ಚಾಣ, ಸುತ್ತಿಗೆ ಸಾಕು. ಆದರೂ ಕಲಿತ ಕೈ ಸುಮ್ಮನಿರುತ್ತದೆಯೇ? ಒತ್ತಕ್ಷರದ ಬಾಲವನ್ನು ಅವನು ತಿರುಗಿಸುತ್ತಿದ್ದ ಬಗೆಯೇ ಬೇರೆ. ಮದುವೆಮನೆಯಲ್ಲಿ ಪಾತ್ರೆ ಜೋಡಿಸಿಟ್ಟರೆ, "ಇದು ಏಕಾಂತಯ್ಯನ ಕೈ ಕಣ್ರೀ" ಎಂದು ದೂರದಿಂದಲೇ ಹೇಳುವವರಿದ್ದರು.

ಆ ಕಸುಬಿಗೆ ಇನ್ನೊಂದು ಮಗ್ಗುಲಿತ್ತು. ಹಳೇ ಹೆಸರು ತೆಗೆಯುವುದು. ಪಾಲಾದ ಮನೆಯವರು, ಹಳೇ ಪಾತ್ರೆ ಕೊಂಡವರು ತಂದು ಸುರಿಯುತ್ತಿದ್ದರು. ಮೊದಲು ಹರಿತವಾದ ಅಲಗಿನಿಂದ ಅಕ್ಷರದ ಅಂಚು ಕೆರೆಯಬೇಕು. ಆಮೇಲೆ ಅರ, ಸಾಣೆಕಲ್ಲಿನ ಪುಡಿ. ಕೆರೆದ ಕಡೆ ತಗ್ಗು ಬೀಳುತ್ತದಲ್ಲ, ಪಾತ್ರೆಯ ಒಳಗಿನಿಂದ ಮೆಲ್ಲಗೆ ತಟ್ಟಿ ಅದನ್ನು ಮೇಲೆತ್ತಿ ಸಮ ಮಾಡಬೇಕು. ಕೊನೆಗೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದರೆ ಅಲ್ಲಿ ಏನಾದರೂ ಬರೆದಿತ್ತೆಂದು ದೇವರಿಗೂ ತಿಳಿಯಬಾರದು. ಕೊರೆಯುವುದಕ್ಕಿಂತ ಅದರಲ್ಲೇ ತನಗೆ ಕೈ ಹೆಚ್ಚು ಕೂತಿದೆ ಎಂಬುದು ಏಕಾಂತಯ್ಯನಿಗೆ ಗೊತ್ತಿತ್ತು. ಅದನ್ನು ಯಾರೆದುರಿಗೂ ಹೇಳಿಕೊಳ್ಳುತ್ತಿರಲಿಲ್ಲ.

ಎಪ್ಪತ್ತನೇ ಇಸವಿಯಲ್ಲಿ, ಕಿಬ್ಬನಹಳ್ಳಿ ಕಡೆಯ ಒಂದು ಊರಿನ ಬಸವರಾಜು ಎರಡು ಗೋಣಿಚೀಲದ ತುಂಬ ಹಿತ್ತಾಳೆ ಪಾತ್ರೆ ಗಾಡಿಯಲ್ಲಿ ಹೇರಿಕೊಂಡು ಬಂದ. ತೆಂಗಿನ ತೋಟ, ಕೊಬ್ಬರಿ ಅಟ್ಟ ಎಲ್ಲ ಇದ್ದ ಕುಳ. ತೋಂಟದಾರ್ಯನವರ ಅಂಗಡಿಗೆ ಅವರ ಮನೆಯೇ ದೊಡ್ಡ ಗಿರಾಕಿ.

"ಎಲ್ಲಾ ಹೆಸ್ರು ತೆಗ್ದು ನನ್ ಹೆಸ್ರು ಹಾಕ್ಬುಡಪ್ಪ" ಎಂದ.

ಏಕಾಂತಯ್ಯ ಒಂದು ಕೊಳಗವನ್ನು ತಿರುಗಿಸಿ ನೋಡಿದ. 'ಸೌ|| ಅಂಕಮ್ಮ' ಎಂದಿತ್ತು. ಅವನದೇ ಅಕ್ಷರ. ಆರೇಳು ವರ್ಷದ ಹಿಂದೆ ಶೆಟ್ಟಿಕೆರೆಯ ಒಬ್ಬ ರೈತ ಮಗಳ ಮದುವೆಗೆಂದು ಇವನ್ನೆಲ್ಲ ಕೊಂಡು, ಬಿಸಿಲಲ್ಲಿ ಕುಕ್ಕರಗಾಲಲ್ಲಿ ಕೂತು ಒಂದೊಂದಕ್ಕೂ ಹೆಸರು ಹಾಕಿಸಿದ್ದ. "ಆಳ್ವಾಗಿ ಹಾಕಪ್ಪ, ನನ್ ಮಗ್ಳು ಮುದ್ಕಿಯಾದ್ರೂ ಮಾಸ್ಬಾರ್ದು" ಎಂದಿದ್ದ. ಆ ಅಂಕಮ್ಮನನ್ನು ಬಸವರಾಜುವಿನ ಅಣ್ಣ ಮಾಯಣ್ಣನಿಗೆ ಕೊಟ್ಟಿದ್ದರು. ಮಾಯಣ್ಣ ಹೋದ ವರ್ಷ ಬಾವಿಗೆ ಬಿದ್ದು ಸತ್ತ ಸುದ್ದಿ ಪೇಟೆಯಲ್ಲೆಲ್ಲ ಆಗಿತ್ತು.

"ಆ ಯಮ್ಮ?" ಎಂದು ಕೇಳಿದ ಏಕಾಂತಯ್ಯ.

"ತವರಿಗೆ ಹೋದ್ಲು. ನಮ್ಮನೆ ಪಾತ್ರೆ ಕಣಪ್ಪ, ನೀನು ಕೆಲ್ಸ ಮಾಡು."

ಏಕಾಂತಯ್ಯ ಮಾಡಿದ. ನಾಲ್ಕು ದಿನ ಹಿಡಿಯಿತು.

ಎರಡು ತಿಂಗಳಿಗೆ ಆ ಊರಲ್ಲಿ ಪಂಚಾಯಿತಿ ಸೇರಿತು. ತನಗೆ ತವರಿನಿಂದ ಕೊಟ್ಟ ಪಾತ್ರೆಗಳನ್ನಾದರೂ ಕೊಡಿಸಿ, ಅವುಗಳ ಮೇಲೆ ತನ್ನ ಹೆಸರಿದೆ ಎಂದು ಅಂಕಮ್ಮ ಕೇಳಿದ್ದಳು. ಪಾತ್ರೆ ತಂದು ನೋಡಿದರೆ ಬಸವರಾಜುವಿನ ಹೆಸರು. ಊರ ಹಿರಿಯ ದುರ್ಗಯ್ಯ ಏಕಾಂತಯ್ಯನಿಗೆ ಹೇಳಿ ಕಳಿಸಿದ. ಮೂವತ್ತು ನಲವತ್ತು ಜನ ಸೇರಿದ್ದರು. ಅಂಕಮ್ಮ ತಲೆ ಮೇಲೆ ಸೆರಗು ಹೊದ್ದು ಗೋಡೆಗೆ ಒತ್ತಿಕೊಂಡು ನಿಂತಿದ್ದಳು.

"ಕೊರ್ಯಕ್ ಮುಂಚೆ ಇವುಗಳ ಮೇಲೆ ಹಳೇ ಹೆಸ್ರೇನಾದ್ರೂ ಇತ್ತೇನಪ್ಪ?" ದುರ್ಗಯ್ಯ ಕೇಳಿದ.

ಇತ್ತು ಎಂದರೆ ತೋಂಟದಾರ್ಯನವರ ಗಿರಾಕಿ ಹೋಗುತ್ತದೆ. ಗಿರಾಕಿ ಹೋದರೆ ಮೆಟ್ಟಿಲ ಪಕ್ಕದ ಜಾಗ ಹೋಗುತ್ತದೆ. ಇದೆಲ್ಲ ಅವನು ಆಮೇಲೆ ತನಗೆ ತಾನೇ ಹೇಳಿಕೊಂಡ ಮಾತು. ಆ ಗಳಿಗೆಯಲ್ಲಿ ಅಷ್ಟು ಯೋಚನೆಯನ್ನೂ ಮಾಡಲಿಲ್ಲ. "ಇರ್ಲಿಲ್ಲ" ಎಂದ. ಅಷ್ಟೇ. ಅಂಕಮ್ಮ ಅವನ ಮುಖ ನೋಡಿದಳು. ಬೈಯಲಿಲ್ಲ. ಏನೋ ಲೆಕ್ಕ ತಪ್ಪಿದವಳ ಹಾಗೆ ನೋಡಿದಳು.

ಇದಾಗಿ ಹನ್ನೊಂದು ವರ್ಷ ಏಕಾಂತಯ್ಯ ಮಣೆಯ ಮೇಲೆ ಕೂತೇ ಇದ್ದ. ಮಕ್ಕಳಾಗಲಿಲ್ಲ. ಹೆಂಡತಿ ಗಂಗಕ್ಕ, ಅವನು, ಎರಡು ಅಂಕಣದ ಮನೆ. ಶೆಟ್ಟಿಕೆರೆ ಬಸ್ಸು ಪೇಟೆಬೀದಿಯ ತುದಿಯಲ್ಲಿ ಹಾರನ್ ಹೊಡೆದರೆ ತಲೆ ಬಗ್ಗಿಸುವುದು ಅವನಿಗೆ ರೂಢಿಯಾಗಿಬಿಟ್ಟಿತ್ತು.

ಎಂಬತ್ತೊಂದರ ಮಳೆಗಾಲ ಮುಗಿದ ಹೊತ್ತಿಗೆ ಒಬ್ಬ ಹೆಂಗಸು ಸ್ಟೀಲಿನ ಊಟದ ಡಬ್ಬಿ ತಂದು ಅವನ ಮುಂದೆ ಹಿಡಿದಳು. ಕಾಲೇಜಿನಲ್ಲಿ ಚರಿತ್ರೆ ಹೇಳಿಕೊಡುವ ಗಿರಿಜಾಂಬಿಕಾ. ನಲವತ್ತರ ಆಸುಪಾಸು, ದಪ್ಪ ಕನ್ನಡಕ, ಕಂಕುಳಲ್ಲಿ ಪುಸ್ತಕ.

"ಪೂರ್ತಿ ಹೆಸರು ಹಾಕಿ. ಸ್ಟಾಫ್ ರೂಮಿನಲ್ಲಿ ನನ್ನ ಡಬ್ಬೀನ ಯಾರ್ಯಾರೋ ತಗೊಂಡು ಹೋಗ್ತಾರೆ."

"ಉದ್ದ ಹೆಸ್ರು ಕಣಮ್ಮ. ಡಬ್ಬಿ ಸುತ್ತಿ ಬತ್ತದೆ" ಎನ್ನುತ್ತಾ ಅವನು ಸುತ್ತಿಗೆ ಬದಿಗಿಟ್ಟು, ಬೆಳ್ಳಿಗೆ ಬಳಸುವ ಉಳಿ ಹಿಡಿದು ಕೆಲಸಕ್ಕೆ ಹತ್ತಿದ.

ಆಕೆ ಬಗ್ಗಿ ನೋಡುತ್ತಲೇ ನಿಂತಿದ್ದಳು. 'ಜಾ'ದ ತಿರುವಿನಲ್ಲಿ ಅವನ ಬಲಗೈ ಅಲುಗಲಿಲ್ಲ. ಎಡಗೈ ಡಬ್ಬಿಯನ್ನು ಮೆಲ್ಲಗೆ ತಿರುಗಿಸಿತು.

"ನೀವು ಉಳಿ ತಿರುಗಿಸಲ್ಲ, ಪಾತ್ರೆ ತಿರುಗಿಸ್ತೀರಿ!" ಎಂದಳು ಕುಣಿದಾಡುವವಳ ಹಾಗೆ. "ಮುನ್ನೂರು ವರ್ಷದ ಹಿಂದೆ ಯೂರೋಪಿನಲ್ಲಿ ತಾಮ್ರದ ತಗಡಿನ ಮೇಲೆ ಚಿತ್ರ ಕೊರೀತಿದ್ದವರೂ ಹೀಗೇ ಮಾಡ್ತಿದ್ದರಂತೆ. ಮರಳಿನ ಮೂಟೆ ಮೇಲೆ ತಗಡು ಇಟ್ಟು, ತಗಡನ್ನೇ ತಿರುಗಿಸೋದು. ಓದಿದ್ದೆ, ನೋಡಿರಲಿಲ್ಲ. ನಮ್ಮನೇಲಿ ಆ ಚಿತ್ರಗಳಿವೆ. ಭಾನುವಾರ ಬನ್ನಿ."

ಬೇಡವೆನ್ನಲು ಕಾರಣ ಸಿಗದೆ ಏಕಾಂತಯ್ಯ ಹೋದ.

ಆಕೆಗೆ ಮೈಸೂರಿನ ಒಬ್ಬ ಮುದಿ ಪ್ರೊಫೆಸರು ಸಾಯುವ ಮುಂಚೆ ಕೊಟ್ಟಿದ್ದ ರಟ್ಟಿನ ಕಡತ ಅದು. ಒಳಗೆ ಏಳು ಹಾಳೆ, ಒಂದೊಂದರಲ್ಲೂ ಒಬ್ಬೊಬ್ಬರ ಮುಖ. ತಗಡಿನ ಗೀರುಗಳಲ್ಲಿ ಮಸಿ ತುಂಬಿ, ಮೇಲ್ಮೈ ಒರೆಸಿ, ಒದ್ದೆ ಕಾಗದ ಇಟ್ಟು ಒತ್ತಿ ತೆಗೆದವು. ಆ ಕಾಲವನ್ನು ಬರೋಕ್ ಎನ್ನುತ್ತಾರೆ ಎಂದು ಆಕೆ ಹೇಳಿದಳು. ಏಕಾಂತಯ್ಯ ಆ ಮಾತನ್ನು ಕೇಳಿಸಿಕೊಳ್ಳಲಿಲ್ಲ. ಮೊದಲ ಹಾಳೆಯನ್ನು ಎತ್ತಿ ಬೆಳಕಿಗೆ ಓರೆಯಾಗಿ ಹಿಡಿದು, ಬೆರಳ ತುದಿಯಿಂದ ಅದರ ಅಂಚು ಸವರಿದ. ತಗಡು ಒತ್ತಿದ ಗುರುತು ಕಾಗದದಲ್ಲಿ ಸಣ್ಣ ಬದುವಿನ ಹಾಗೆ ಉಳಿದಿತ್ತು. ಮಸಿ ಕಾಗದದ ಮೇಲೆ ಕೂದಲೆಳೆಯಷ್ಟು ಉಬ್ಬಿತ್ತು. ಬಣ್ಣ ಬಳಿದದ್ದಲ್ಲ, ಗೀರಿನೊಳಗಿಂದ ಎದ್ದು ಬಂದದ್ದು.

ಅದೊಬ್ಬ ಪಾದ್ರಿಯ ಚಿತ್ರ. ಕೊರಳ ಸುತ್ತ ಜಾಲರಿಯ ಬಿಳಿ ಬಟ್ಟೆ, ರೇಷ್ಮೆಯ ನಿಲುವಂಗಿ. ಏಕಾಂತಯ್ಯ ಕಣ್ಣಿಗೆ ಬೆಳ್ಳಿ ಕೆಲಸದವರ ದುರ್ಬೀನು, ಅಂದರೆ ಸಣ್ಣ ಭೂತಗನ್ನಡಿ, ಇಟ್ಟುಕೊಂಡು ಅರ್ಧ ಗಂಟೆ ನೋಡಿದ. ಕಾಫಿ ಆರಿ ತಣ್ಣಗಾಯಿತು.

"ಅಮ್ಮ, ಈ ರೇಷ್ಮೆ ಹೊಳೀತದಲ್ಲ, ಅದನ್ನ ಇವ್ನು ಕೊರೆದೇ ಇಲ್ಲ" ಎಂದ ಕೊನೆಗೆ. "ಬಿಳಿ ಕಾಣ್ತಿರೋದೆಲ್ಲ ಮುಟ್ದೆ ಬುಟ್ಟಿರೋದು. ಅಕ್ಕಪಕ್ಕದ ಗೆರೆ ನೋಡಿ. ಇಲ್ಲಿ ಉಳಿ ಹಿಡಿ ಎತ್ತವ್ನೆ, ಮೊನೆ ಒಳಗಿಳೀತು, ಗೆರೆ ದಪ್ಪ ಆಯ್ತು. ಇಲ್ಲಿ ತಗ್ಗಿಸವ್ನೆ, ಕೂದ್ಲಾಯ್ತು. ಎಲ್ಲೂ ನಿಲ್ಲಿಸಿಲ್ಲ, ಒಂದೇ ಉಸ್ರು. ನಾನು ಹಾಸನದಲ್ಲಿ ನಾಕು ವರ್ಷ ಇದಕ್ಕೇ ಹೊಡೆಸಿಕೊಂಡಿದ್ದು."

"ಮುಖಕ್ಕೆ?"

"ಮುಖಕ್ಕೆ ಉದ್ದ ಗೆರೆ ಹಾಕಿಲ್ಲ, ಚುಕ್ಕೆ, ಮೋಟು ಗೀರು. ಚರ್ಮಕ್ಕೆ ಉದ್ದ ಗೆರೆ ಎಳೆದ್ರೆ ತಗಡಾಗೋಯ್ತದೆ. ಬಟ್ಟೆಗೊಂದು ಥರ, ಕಬ್ಬಿಣಕ್ಕೊಂದು ಥರ, ಮಾಂಸಕ್ಕೊಂದು ಥರ. ಇವನಿಗೆ ಮೂರು ಕೈ ಇದ್ದಂಗದೆ."

ಗಿರಿಜಾಂಬಿಕಾ ಅದನ್ನೆಲ್ಲ ನೋಟ್ ಪುಸ್ತಕದಲ್ಲಿ ಬರೆದುಕೊಂಡಳು. ಆಮೇಲೆ ತನ್ನ ಪಾಲಿನದನ್ನು ಹೇಳಿದಳು. ಮುಖದ ಸುತ್ತ ಇರುವ ಮೊಟ್ಟೆಯಾಕಾರದ ಚೌಕಟ್ಟು ಮರದ್ದಲ್ಲ, ಕಲ್ಲಿನದು. ಕಲ್ಲಿನ ಕಿಟಕಿಯೊಳಗೆ ಕೂರಿಸಿದರೆ ಈ ಮನುಷ್ಯ ಕಲ್ಲಿನಷ್ಟೇ ದಿನ ಬಾಳುತ್ತಾನೆ ಎಂದು ಹೇಳಿದಂತೆ. ಕೆಳಗಿನ ಕಟ್ಟೆಯ ಮೇಲೆ ಕೆತ್ತಿದ ಹಾಗೆ ಕಾಣುವುದು ಹೆಸರು, ಪದವಿ. ಪಕ್ಕದಲ್ಲಿ ಅರ್ಧ ಸರಿಸಿದ ಪರದೆ ಇದೆಯಲ್ಲ, ಅದು ದೊಡ್ಡಸ್ತಿಕೆಗೂ ಹೌದು, ಯಾವಾಗ ಬೇಕಾದರೂ ಮುಚ್ಚಿಬಿಡಬಹುದು ಎಂಬುದಕ್ಕೂ ಹೌದು.

"ಬರೀ ಅಲಂಕಾರ ಅಂದ್ಕೊಂಡಿದ್ದೆ" ಎಂದ ಏಕಾಂತಯ್ಯ.

"ಇವರು ಯಾವುದನ್ನೂ ಬರೀ ಅಲಂಕಾರಕ್ಕೆ ಹಾಕಲ್ಲ. ಮುಖ ನೋಡೋ ಮುಂಚೆ ಮುಖದ ಬಗ್ಗೆ ಏನು ಅಂದುಕೋಬೇಕು ಅಂತ ಸುತ್ತಮುತ್ತ ಎಲ್ಲ ಹೇಳಿಬಿಟ್ಟಿರ್ತಾರೆ. ಆದರೂ ಒಳ್ಳೆ ಕೈ ಆದರೆ ಮುಖ ಅದನ್ನ ಪೂರ್ತಿ ಒಪ್ಪಲ್ಲ. ಈ ಪಾದ್ರಿಯ ಬಾಯಿ ನೋಡಿ. ಇಷ್ಟೆಲ್ಲ ರೇಷ್ಮೆಯೊಳಗೆ ಎಷ್ಟು ಹೆದರಿಕೊಂಡಿದೆ."

ಏಕಾಂತಯ್ಯ ನೋಡಿದ. ಹೌದು, ಹೆದರಿಕೊಂಡಿತ್ತು.

ಆಮೇಲೆ ಭಾನುವಾರ ಬಂದರೆ ಸ್ನಾನ, ವಿಭೂತಿ ಮುಗಿಸಿ ಒಗೆದ ಅಂಗಿ ಹಾಕಿಕೊಂಡು ಹೊರಡುವುದೇ ಆಯಿತು. ವಾರಕ್ಕೊಂದೇ ಹಾಳೆ. ಒಬ್ಬ ವ್ಯಾಪಾರಿಯ ಮುದಿ ಹೆಂಡತಿಯ ಚಿತ್ರವನ್ನಂತೂ ಎರಡು ವಾರ ನೋಡಿದ. ಅದಕ್ಕೆ ಪರದೆ ಇರಲಿಲ್ಲ, ಗುರಾಣಿ ಲಾಂಛನ ಇರಲಿಲ್ಲ. ಕಪ್ಪು ಸೀರೆಯಂಥ ಉಡುಗೆ, ಮಡಿಸಿಟ್ಟ ಕೈ. ಕಪ್ಪಿನ ಮೇಲೆ ಕಪ್ಪು ಬರಲು ಗೆರೆಯ ಮೇಲೆ ಗೆರೆ ಅಡ್ಡ ಹಾಯಿಸಿ, ಅವುಗಳ ನಡುವಿನ ಒಂದೊಂದು ಸಣ್ಣ ಕಿಂಡಿಯಲ್ಲೂ ಒಂದೊಂದು ಚುಕ್ಕೆ ಇಟ್ಟಿದ್ದ ಪುಣ್ಯಾತ್ಮ. ಎಷ್ಟು ತಿಂಗಳು ಕೂತಿದ್ದನೋ. ಆ ಮುದುಕಿಯ ಕಣ್ಣ ಕೆಳಗಿನ ಸುಕ್ಕಿನಲ್ಲಿ ಒಂದನ್ನೂ ಅವನು ಕಡಿಮೆ ಮಾಡಿರಲಿಲ್ಲ.

"ಮೂಲೇಲಿ ಸಣ್ಣದಾಗಿ ಏನೋ ಬರೆದದಲ್ಲ?"

"ಕೊರೆದವನ ಹೆಸರು. ಲ್ಯಾಟಿನ್ನಿನಲ್ಲಿ 'ಸ್ಕಲ್ಪ್ಸಿಟ್' ಅಂತಿದೆ. ಇಂಥವನು ಕೊರೆದನು, ಅಂತ."

"ಕೊರೆದವ್ನೂ ಹೆಸ್ರು ಹಾಕ್ತಿದ್ನಾ?"

"ಹಾಕಲೇಬೇಕಲ್ಲ. ತಪ್ಪೋ ಒಪ್ಪೋ, ಅವನೇ ಹೊಣೆ."

ಸಾವಿರಾರು ಪಾತ್ರೆಗಳ ಮೇಲೆ ಹೆಸರು ಹಾಕಿದ್ದ ಏಕಾಂತಯ್ಯ ತನ್ನದನ್ನು ಎಲ್ಲೂ ಹಾಕಿರಲಿಲ್ಲ. ಅದು ಅವನಿಗೆ ಆವರೆಗೆ ಒಂದು ವಿನಯದ ಸಂಗತಿಯಾಗಿ ಕಂಡಿತ್ತು.

ಆರನೇ ಹಾಳೆ ಒಬ್ಬ ಸೇನಾಪತಿಯದು. ಎದೆಗೆ ಉಕ್ಕಿನ ಕವಚ, ಭುಜದ ಮೇಲೆ ಕಟ್ಟಿದ ಪಟ್ಟಿ, ಕಲ್ಲಿನ ಚೌಕಟ್ಟಿನ ಸುತ್ತ ಕತ್ತಿ, ಬಾವುಟ, ತುತ್ತೂರಿ. ಗಿರಿಜಾಂಬಿಕಾಗೆ ಏಳರಲ್ಲಿ ಅದೇ ಹೆಚ್ಚು ಇಷ್ಟ. ಏಕಾಂತಯ್ಯ ದುರ್ಬೀನು ಇಟ್ಟ ಸ್ವಲ್ಪ ಹೊತ್ತಿಗೆ ಅದನ್ನು ತೆಗೆದು ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದ, ಮತ್ತೆ ದುರ್ಬೀನು ಇಟ್ಟ.

"ಏನಾಯ್ತು?"

"ಇದು ಇವ್ನ ಮುಖ ಅಲ್ಲ ಕಣಮ್ಮ."

"ಅಂದರೆ?"

ಹೇಳದೆ ಇರಬಹುದಿತ್ತು. ಆದರೆ ಕೈಗೆ ಗೊತ್ತಿದ್ದನ್ನು ಬಾಯಿ ತಡೆಯಲಿಲ್ಲ. ಕವಚದ ಹೊಳಪು ನೋಡಿ, ಬೆಳಕು ಎಡಗಡೆಯಿಂದ ಬಂದಿದೆ. ಮೂಗಿನ ನೆರಳು ನೋಡಿ, ಬಲಕ್ಕೆ ಬೀಳಬೇಕಾದದ್ದು ಎಡಕ್ಕೇ ಬಿದ್ದಿದೆ. ಹಿನ್ನೆಲೆಯ ಅಡ್ಡ ಗೆರೆಗಳು ತಲೆಯ ಸುತ್ತ ಬಂದ ಕೂಡಲೇ ತುಂಡಾಗಿ, ಮತ್ತೆ ಹೊಸದಾಗಿ ಶುರುವಾಗಿವೆ. ಒಂದೂ ಸರಿಯಾಗಿ ಕೂಡಿಲ್ಲ. ಕೂಡಿಸಿದವನ ಕೈ ಒರಟು. ತಲೆಯ ಸುತ್ತ ಕಾಗದ ಒಂದು ಚೂರು ಮಾಸಲು, ಯಾಕೆಂದರೆ ತಗಡು ಅಲ್ಲಿ ನುಣ್ಣಗಾಗಿಲ್ಲ, ಕೆರೆದ ತರಿ ಮಸಿ ಹಿಡಿದಿದೆ. ಕೊನೆಗೆ, ಬಲ ಭುಜದ ಹತ್ತಿರ ಕವಚದ ಮೇಲೆ ಗುಂಗುರು ಕೂದಲಿನ ಒಂದು ಸುರುಳಿ ಉಳಿದುಕೊಂಡಿತ್ತು. ಈಗಿನ ತಲೆಯ ಕೂದಲು ಕಿವಿಯ ಕೆಳಕ್ಕೇ ಇಳಿದಿರಲಿಲ್ಲ. ಅದು ಮೊದಲಿನವನದು.

"ತಲೆ ಕೆರೆದು, ಹಿಂದ್ಗಡೆಯಿಂದ ತಟ್ಟಿ ಎತ್ತಿ, ಮ್ಯಾಲೆ ಬೇರೆ ತಲೆ ಕೂರ್ಸವ್ರೆ" ಎಂದ. "ಮೈ ಒಬ್ಬಂದು, ತಲೆ ಒಬ್ಬಂದು."

ಗಿರಿಜಾಂಬಿಕಾ ದುರ್ಬೀನು ಕಸಿದುಕೊಂಡು ನೋಡಿದಳು. ಹೀಗೆ ನಡೆಯುತ್ತಿತ್ತಂತೆ, ಪುಸ್ತಕದಲ್ಲಿ ಇದೆಯಂತೆ. ಒಬ್ಬ ಅಧಿಕಾರ ಕಳೆದುಕೊಂಡರೆ, ಸತ್ತರೆ, ತಗಡು ಯಾಕೆ ದಂಡ ಮಾಡಬೇಕೆಂದು ಮಾರುವವರು ತಲೆ ಕೆರೆಸಿ ಹೊಸಬನದು ಹಾಕಿಸುತ್ತಿದ್ದರಂತೆ. "ಹದಿನೈದು ವರ್ಷದಿಂದ ನೋಡ್ತಾ ಇದೀನಿ ಏಕಾಂತಯ್ಯನವರೇ. ನನ್ನ ಗುರುಗಳೂ ನೋಡಿದ್ರು. ನಮಗೆ ಯಾರಿಗೂ ಕಾಣಲಿಲ್ಲ. ನಿಮಗೆ ಹೇಗೆ ಕಾಣ್ತು?"

ಅವನು ಹಾಳೆಯ ಕೆಳಗಿನ ಅಂಚಿಗೆ ಬಗ್ಗಿದ. ಮೂಲೆಯಲ್ಲಿ ಮೊದಲು ಕೊರೆದವನ ಹೆಸರು ಹಾಗೇ ಇತ್ತು. ಕೆರೆದವನು ಹೆಸರು ಹಾಕಿರಲಿಲ್ಲ.

ಮರುವಾರವೇ ಆಕೆ ಅವನನ್ನು ಕಾಲೇಜಿಗೆ ಕರೆದೊಯ್ದಳು. ಬೇಡ ಅಮ್ಮ ಎಂದರೂ ಬಿಡಲಿಲ್ಲ. ಐವತ್ತು ಹುಡುಗ ಹುಡುಗಿಯರ ಮುಂದೆ ಕುರ್ಚಿ ಹಾಕಿ ಕೂರಿಸಿದಳು. ಅವನು ಒಂದು ತಾಮ್ರದ ತುಂಡಿನ ಮೇಲೆ ಗೆರೆ ಎಳೆದು ತೋರಿಸಿದ. ಆಕೆ ಆ ಸೇನಾಪತಿಯ ಹಾಳೆ ಎತ್ತಿ ಹಿಡಿದು ನಡೆದದ್ದನ್ನೆಲ್ಲ ಹೇಳಿದಳು. "ಇವರ ಕಣ್ಣಿಗೆ ಸುಳ್ಳು ಹೇಳೋಕಾಗಲ್ಲ" ಎಂದಳು. ಮಕ್ಕಳು ಚಪ್ಪಾಳೆ ತಟ್ಟಿದರು.

ಮುಂದಿನ ಸಾಲಿನ ಒಂದು ಹುಡುಗಿ ಎದ್ದು ನಿಂತು ಕೇಳಿದಳು: "ಸಾರ್, ನೀವೂ ಯಾವತ್ತಾದ್ರೂ ಹೀಗೆ ಒಬ್ರ ಹೆಸರು ಕೆರೆದು ಇನ್ನೊಬ್ರದು ಹಾಕಿದೀರಾ?"

ಕುತೂಹಲಕ್ಕೆ ಕೇಳಿದ ಪ್ರಶ್ನೆ. ಹಾಕಿದ್ದೇನೆ, ಕಸುಬಲ್ಲವೇ, ಎಂದು ನಕ್ಕಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಏಕಾಂತಯ್ಯ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದ.

"ಇಲ್ಲಮ್ಮ" ಎಂದ.

ಮತ್ತೆ ಚಪ್ಪಾಳೆ ಬಿತ್ತು. ಹಾರ ಹಾಕಿದರು. ಹಾರ ಹಾಕಿಸಿಕೊಂಡು, ತಲೆ ತಗ್ಗಿಸಿ ಅವನು ಮನೆಗೆ ನಡೆದ. ದಾರಿಯಲ್ಲೇ ಅದನ್ನು ತೆಗೆದು, ಬಿಸಾಡಬೇಕೆಂದುಕೊಂಡರೂ ನೋಡಿದವರು ಏನೆಂದಾರು ಎಂದು ಕೈಯಲ್ಲೇ ಹಿಡಿದುಕೊಂಡು ಹೋದ.

ಗಂಗಕ್ಕ ಹಾರ ನೋಡಿ ನಕ್ಕಳು. ಗಂಡನ ಮುಖ ನೋಡಿ ನಗು ನಿಲ್ಲಿಸಿದಳು. ಅವನು ಗೋಡೆಗೆ ಒರಗಿ ಕೂತು, ಪಂಚಾಯಿತಿಯಲ್ಲಿ ಆಡಿದ ಮಾತಿನಿಂದ ಹಿಡಿದು ಈವತ್ತು ಆಡಿದ ಮಾತಿನವರೆಗೆ ಎಲ್ಲವನ್ನೂ ಹೇಳಿದ. ಎರಡು ಸಲ ಕೇಳಿದರು, ಎರಡು ಸಲವೂ ಅದೇ ಹೇಳಿದೆ ಎಂದ.

ಗಂಗಕ್ಕ ಏಣಿ ಇಟ್ಟು ಅಟ್ಟಕ್ಕೆ ಕೈ ಹಾಕಿ, ಬಟ್ಟೆಯಲ್ಲಿ ಸುತ್ತಿದ ಒಂದು ಹಿತ್ತಾಳೆ ಚೊಂಬು ಇಳಿಸಿದಳು. ಆಗ ಬಸವರಾಜು ಕೂಲಿಯ ಜೊತೆಗೆ, ಇದೂ ಇರಲಿ ಎಂದು ಬಿಟ್ಟುಹೋಗಿದ್ದ ಚೊಂಬು. ಹೆಸರು ಕೆರೆದಿತ್ತು, ಹೊಸ ಹೆಸರು ಹಾಕಿರಲಿಲ್ಲ.

"ಇಷ್ಟು ವರ್ಷ ಇದರಲ್ಲಿ ನೀರು ಕುಡ್ಯಕ್ಕೆ ನಂಗೆ ಮನಸು ಬರ್ಲಿಲ್ಲ" ಎಂದಳು. "ಪಂಚಾಯ್ತಿ ಸುದ್ದಿ ಬಂದಾಗ್ಲೇ ನಂಗೆ ತಿಳೀತು, ನೀನಾಗಿ ಹೇಳ್ತೀಯ ಅಂತ ಕಾದೆ. ಈಗಾದ್ರೂ ತಗೊಂಡೋಗು."

ಮರುದಿನ ಅವನು ಶೆಟ್ಟಿಕೆರೆ ಬಸ್ಸು ಹತ್ತಿದ. ಅಂಕಮ್ಮ ಅಣ್ಣನ ಮನೆಯಲ್ಲಿದ್ದಳು. ಅಂಗಳದಲ್ಲಿ ಒಣಗಿದ ತೆಂಗಿನಕಾಯಿಯ ಗುಡ್ಡೆ ಮುಂದೆ ಕೂತು, ಚಿಪ್ಪು ಒಡೆದು ಕೊಬ್ಬರಿಯನ್ನು ಉಂಡೆಯಾಗಿ ಬಿಡಿಸುತ್ತಿದ್ದಳು. ಕೂದಲು ಅರ್ಧ ಬೆಳ್ಳಗಾಗಿತ್ತು. ಗುರುತು ಹಿಡಿದಳು. ಕೂರಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ.

ಏಕಾಂತಯ್ಯ ನಿಂತುಕೊಂಡೇ ಹೇಳಿದ. "ಹೆಸ್ರು ಇತ್ತು ಕಣಮ್ಮ. ಎಲ್ಲದ್ರ ಮ್ಯಾಲೂ ಇತ್ತು. ನಾನೇ ಹಾಕಿದ್ದೆ, ನಾನೇ ತೆಗ್ದೆ. ಅವತ್ತು ಸುಳ್ಳು ಹೇಳ್ದೆ."

ಅವಳ ಕೈ ನಿಂತಿತು.

"ನಂಗೆ ಓದಕ್ಕೆ ಬರಲ್ಲ" ಎಂದಳು ಆಮೇಲೆ. "ಪಾತ್ರೆ ಮ್ಯಾಲೆ ಏನೋ ಗೀರು ಕಾಣ್ತಿತ್ತು, ನಿನ್ ಹೆಸ್ರು ಹಾಕ್ಸೀನಿ ಅಂತ ನಮ್ಮಪ್ಪ ಹೇಳಿದ್ದ. ಅದೇ ನಂಬಿದ್ದೆ. ನೀವು ಅಷ್ಟು ಜನದ ಮುಂದೆ ಇರ್ಲಿಲ್ಲ ಅಂದ್ರಲ್ಲ, ಅವಾಗ ನಂಗೇ ಅನ್ನಿಸ್ತು, ನಮ್ಮಪ್ಪ ಹಾಕ್ಸೇ ಇರ್ಲಿಲ್ವೇನೋ, ಯಾವುದೋ ಗೀರಿದ್ದ ಹಳೇ ಪಾತ್ರೆ ಕೊಟ್ಟು ಮಗಳಿಗೆ ಸುಳ್ಳು ಹೇಳಿ ಕಳ್ಸಿದ್ನೇನೋ ಅಂತ. ಅವ್ನು ಸತ್ತು ಎಂಟು ವರ್ಷ ಆಯ್ತು. ಸಾಯೋಗಂಟ ನಾನು ಅವನ್ಹತ್ರ ಸರ್ಯಾಗಿ ಮಾತಾಡ್ಲಿಲ್ಲ."

ಏಕಾಂತಯ್ಯ ಬೈಗುಳಕ್ಕೆ ಸಿದ್ಧವಾಗಿ ಬಂದಿದ್ದ, ಶಾಪಕ್ಕೂ ಸಿದ್ಧವಾಗಿದ್ದ. ಇದಕ್ಕೆ ಸಿದ್ಧವಾಗಿರಲಿಲ್ಲ. ಪಾತ್ರೆ ಮಾತ್ರ ಹೋಯಿತು ಎಂದು ಹನ್ನೊಂದು ವರ್ಷ ಅಂದುಕೊಂಡಿದ್ದ. ಆ ಬಿಸಿಲಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಮನುಷ್ಯನನ್ನು ಅವನ ಮಗಳಿಂದಲೇ ಕೆರೆದು ಹಾಕಿದ್ದೇನೆಂದು ಅವನಿಗೆ ಹೊಳೆದಿರಲಿಲ್ಲ. ಅಲ್ಲೇ ಕಾಯಿಸಿಪ್ಪೆಯ ಮೇಲೆ ಕೂತ.

ಚೊಂಬು ತೆಗೆದ. ಒಲೆಯ ಮಸಿ, ಒಂದು ತೊಟ್ಟು ಎಣ್ಣೆ ಕೇಳಿ ಇಸಿದುಕೊಂಡ. ಎಷ್ಟು ಕೆರೆದರೂ, ಆಳವಾಗಿ ಹೊಡೆದ ಗೆರೆಯ ತಳ ಲೋಹದಲ್ಲಿ ಎಲ್ಲೋ ಉಳಿದಿರುತ್ತದೆ. ಆ ಸೇನಾಪತಿಯ ಹಾಳೆ ನೋಡಿದಾಗಿನಿಂದ ಅದು ಅವನ ತಲೆಯಲ್ಲಿತ್ತು. ಮಸಿ ಎಣ್ಣೆ ಕಲಸಿ ಚೊಂಬಿನ ಹೊಟ್ಟೆಗೆ ಬಳಿದು, ಅಂಗೈಯಿಂದ ಮೆಲ್ಲಗೆ, ಗೆರೆಗೆ ಅಡ್ಡಡ್ಡವಾಗಿ ಒರೆಸಿದ. ಮೂರನೇ ಸಲ ಒರೆಸಿದಾಗ ತೆಳ್ಳಗೆ, ಬೂದಿಯ ಬಣ್ಣದಲ್ಲಿ ಅಕ್ಷರ ಕಂಡಿತು. ಪೂರ್ತಿ ಬರಲಿಲ್ಲ. 'ಅಂಕ' ಎಂಬಷ್ಟು, ಆಮೇಲೆ ಒತ್ತಿನ ಬಾಲ.

"ಇದು ಯಾವ್ದು?" ಅಂಕಮ್ಮ ಬೆರಳು ಇಟ್ಟು ಕೇಳಿದಳು.

"ಅಂ."

"ಇದು?"

"ಕ."

ಅವಳು ಬೆರಳಿಗೆ ಹತ್ತಿದ ಮಸಿ ನೋಡಿಕೊಂಡಳು. ಅಳಲಿಲ್ಲ. "ನನ್ ಮುಂದೆ ಹೇಳಿದ್ರೆ ಏನಾಯ್ತು?" ಎಂದಳು. "ಯಾರ್ ಮುಂದೆ ಸುಳ್ಳು ಹೇಳಿದ್ರೋ ಅವರ್ ಮುಂದೆ ಹೇಳಿ. ನಮ್ಮಪ್ಪನ್ ಹೆಸ್ರೂ ಹೇಳಿ, ಚಿಕ್ಕಣ್ಣ ಅಂತ."

ಬಸವರಾಜುವಿನ ಊರಿನವರು ಒಂದೆಡೆ ಸೇರುವುದು ಈಗ ಹಾಲಿನ ಡೈರಿಯ ಮುಂದೆ. ಬೆಳಿಗ್ಗೆ ಆರೂವರೆಗೆ ಕ್ಯಾನು, ಚೊಂಬು ಹಿಡಿದು ಊರಿಗೆ ಊರೇ ಸಾಲಲ್ಲಿ ನಿಲ್ಲುತ್ತದೆ. ಮೂರು ದಿನ ಬಿಟ್ಟು ಏಕಾಂತಯ್ಯ ಅಲ್ಲಿಗೆ ಹೋದ. ಕಿಬ್ಬನಹಳ್ಳಿಯಲ್ಲಿ ಇಳಿದು ನಡೆಯುವಾಗ ಎರಡು ಸಲ ಹಿಂದಿರುಗುವ ಮನಸ್ಸಾಯಿತು. ಒಂದು ಸಲ ಹಿಂದಿರುಗಿಯೂ ಬಿಟ್ಟು, ರಸ್ತೆಬದಿಯ ಅಂಗಡಿಯಲ್ಲಿ ಟೀ ಕುಡಿದು, ಮತ್ತೆ ಹೊರಟ.

ದುರ್ಗಯ್ಯ ಮುದುಕನಾಗಿ ಡೈರಿ ಜಗುಲಿಯ ಮೇಲೆ ಕೂತಿದ್ದ. ಸಾಲಿನಲ್ಲಿ ಬಸವರಾಜುವೂ ಇದ್ದ. ಏಕಾಂತಯ್ಯ ಮೊದಲ ಸಲ ಮೆಲ್ಲಗೆ ಹೇಳಿದ. "ಏನ್ಲಾ ಅದು, ಜೋರಾಗಿ ಹೇಳು" ಎಂದು ಯಾರೋ ಕೂಗಿದರು. ಎರಡನೇ ಸಲ ಜೋರಾಗಿಯೇ ಹೇಳಿದ. ಶೆಟ್ಟಿಕೆರೆ ಚಿಕ್ಕಣ್ಣ ತನ್ನ ಮಗಳ ಹೆಸರು ಹಾಕಿಸಿದ್ದು ನಿಜ, ನಾನು ಇಲ್ಲಿ ನಿಂತು ಆಡಿದ್ದು ಸುಳ್ಳು ಎಂದ.

ಒಬ್ಬ ನಕ್ಕ. ಅಳತೆ ಮಾಡುತ್ತಿದ್ದವನು ಕೈ ನಿಲ್ಲಿಸಿ ಮತ್ತೆ ಶುರು ಮಾಡಿದ. "ಮುಗ್ದೋದ್ ಮಾತು ಬುಡಯ್ಯ" ಎಂದ ಬಸವರಾಜು, ಮುಖ ಕೊಡದೆ. "ಅರ್ಧ ಪಾತ್ರೆ ಮಾರಿ ಸ್ಟೀಲು ತಂದಾಗದೆ."

ದುರ್ಗಯ್ಯ ಮಾತ್ರ ಬಿಡಲಿಲ್ಲ. "ನಿನ್ ಒಂದ್ ಮಾತ್ ನಂಬಿ ನಾನು ಆ ಹೆಣ್ಣುಮಗಳನ್ನ ಬರಿಗೈಲಿ ಕಳಿಸ್ದೆನಲ್ಲೋ. ಇಷ್ಟು ವರ್ಷ ನಿನ್ ಬಾಯಿ ಎಲ್ಲಿತ್ತು?"

ಸಾಲಿನವರೆಲ್ಲ ನೋಡುತ್ತಿದ್ದಂತೆ ಏಕಾಂತಯ್ಯ ನಿಂತೇ ಇದ್ದ. ಅಷ್ಟರಲ್ಲಿ ಬಸವರಾಜುವಿನ ಹೆಂಡತಿ ರಂಗಮ್ಮ ಸಾಲು ಬಿಟ್ಟು ಮನೆಗೆ ಹೋದಳು. ಒಂದು ಹಿತ್ತಾಳೆ ಕೊಳಗ ತಂದು ಏಕಾಂತಯ್ಯನ ಕಾಲ ಬಳಿ ಇಟ್ಟಳು. ಗಂಡ "ಏಯ್" ಎಂದ. ಅವಳು ಅವನ ಕಡೆ ನೋಡದೆ ಹೋಗಿ ಸಾಲಿನ ಕೊನೆಯಲ್ಲಿ ನಿಂತಳು.

ಆ ಕೊಳಗ, ಚೊಂಬು ಎರಡೂ ಅಂಕಮ್ಮನಿಗೆ ಸೇರಿದವು. ಮತ್ತೇನೂ ಸಿಗಲಿಲ್ಲ. ಕೊಳಗದ ಮೇಲೆ ಹೆಸರು ಹಾಕಿಕೊಡುತ್ತೇನೆಂದು ಏಕಾಂತಯ್ಯ ಕೇಳಿದ. "ಬ್ಯಾಡ" ಎಂದಳು ಅವಳು.

ಗಿರಿಜಾಂಬಿಕಾಗೆ ಹೇಳುವುದು ಇನ್ನೂ ಕಷ್ಟವಾಯಿತು. ಭಾನುವಾರ ಹೋಗಿ ಬಾಗಿಲಲ್ಲೇ ನಿಂತು ಹೇಳಿದ. ಆಕೆ ಬಾಗಿಲ ಚೌಕಟ್ಟು ಹಿಡಿದು ಕೇಳಿದಳು. "ಮಕ್ಕಳಿಗೆ ನಾನು ಏನೇನೋ ಹೇಳಿಬಿಟ್ಟೆ" ಎಂದಳು. ಆ ಮಾತಿನಲ್ಲಿ ಸಿಟ್ಟಿತ್ತು. ಒಳಗೆ ಕರೆಯಲಿಲ್ಲ. ಎರಡು ಭಾನುವಾರ ಅವನು ಹೋಗಲಿಲ್ಲ. ಮೂರನೇ ವಾರ ಆಕೆಯೇ ಪೇಟೆಬೀದಿಗೆ ಬಂದು, ಏಳನೇ ಹಾಳೆ ಇನ್ನೂ ನೋಡಿಲ್ಲವಲ್ಲ ಎಂದಳು. ಅವನು ಹೋಗಿ ನೋಡಿದ. ಒಬ್ಬ ವೈದ್ಯನ ಚಿತ್ರ, ಬಹಳ ಒಳ್ಳೆಯ ಕೈ. ಆದರೆ ಮೊದಲಿನ ಹಾಗೆ ಬಾಯಿ ತುಂಬ ಮಾತು ಬರಲಿಲ್ಲ, ಇಬ್ಬರಿಗೂ. ಮುಂದಿನ ಜೂನಿನಲ್ಲಿ ಆಕೆಗೆ ವರ್ಗವಾಯಿತು.

ಆಮೇಲೆ ಏಕಾಂತಯ್ಯ ಕೆರೆಯುವ ಕೆಲಸ ಬಿಟ್ಟ. ಹಳೇ ಹೆಸರಿದ್ದರೆ ಅದರ ಪಕ್ಕದಲ್ಲಿ ಬೇಕಾದರೆ ಹೊಸದು ಹಾಕುತ್ತೇನೆ ಎಂದ. ಹಾಗೆ ಹಾಕಿಸಿಕೊಳ್ಳುವವರು ಯಾರು? ತೋಂಟದಾರ್ಯನವರು ಮುನಿಸಿಕೊಂಡರು. ಎಂಬತ್ತೈದರಲ್ಲಿ ಮೆಟ್ಟಿಲ ಇನ್ನೊಂದು ಪಕ್ಕಕ್ಕೆ ಕರೆಂಟಿನ ಮಿಷನ್ನು ಹಿಡಿದು ಅಣ್ಣಯ್ಯ ಎಂಬವನು ಬಂದು ಕೂತ. ಗುರ್ ಎಂದು ನಿಮಿಷಕ್ಕೊಂದು ಪಾತ್ರೆ. ಏಕಾಂತಯ್ಯನಿಗೆ ಸೇರುತ್ತಿದ್ದ ಗಿರಾಕಿಗಳು ಒಬ್ಬೊಬ್ಬರಾಗಿ ಆ ಕಡೆ ಸರಿದರು.

ಎಂಬತ್ತಾರರ ವೈಶಾಖದಲ್ಲಿ ಅಂಕಮ್ಮ ಅಣ್ಣನ ಮಗಳ ಮದುವೆಗೆ ಪಾತ್ರೆ ಕೊಳ್ಳಲು ಅದೇ ಅಂಗಡಿಗೆ ಬಂದಳು. ಏಕಾಂತಯ್ಯ ನೋಡಿ ತಲೆ ಬಗ್ಗಿಸಿದ. ಅವಳು ಪಾತ್ರೆ ಆರಿಸಿ, ಹೆಸರು ಹಾಕಿಸಲು ಅಣ್ಣಯ್ಯನ ಮುಂದೆ ಇಟ್ಟಳು. ಮಿಷನ್ನು ಗುರುಗುಟ್ಟುವಷ್ಟು ಹೊತ್ತೂ ಏಕಾಂತಯ್ಯ ಕೈಯಲ್ಲಿದ್ದ ಚಾಣವನ್ನು ಸಾಣೆಗೆ ಉಜ್ಜುತ್ತಲೇ ಇದ್ದ. ಅದು ಆಗಲೇ ಹರಿತವಾಗಿತ್ತು.

ಕೆಲಸ ಮುಗಿದ ಮೇಲೆ ಅವಳು ಪಾತ್ರೆಗಳನ್ನು ಒಂದೊಂದಾಗಿ ತಂದು ಅವನ ಮಣೆಯ ಮುಂದೆ ಜೋಡಿಸಿದಳು.

"ಸಿದ್ದಗಂಗಮ್ಮ ಅಂತ ಹಾಕಕ್ ಹೇಳಿದ್ದೆ. ಸರ್ಯಾಗಿ ಹಾಕವ್ನಾ, ನೋಡಿ ಹೇಳಿ."

ಏಕಾಂತಯ್ಯ ಕನ್ನಡಕ ಏರಿಸಿಕೊಂಡು ಹನ್ನೆರಡು ಪಾತ್ರೆಗಳನ್ನೂ ತಿರುಗಿಸಿ ತಿರುಗಿಸಿ ಓದಿದ. ಒಂದರಲ್ಲಿ 'ದ'ಕ್ಕೆ ಒತ್ತು ಬಿಟ್ಟುಹೋಗಿತ್ತು. ತೋರಿಸಿದ. ಅವಳು ಅದನ್ನು ಎತ್ತಿಕೊಂಡು ಹೋಗಿ ಅಣ್ಣಯ್ಯನ ಕೈಯಲ್ಲೇ ಒತ್ತು ಹಾಕಿಸಿ, ಮತ್ತೆ ತಂದು ತೋರಿಸಿದಳು.

"ಈಗ?"

"ಈಗ ಸರಿಯಾಗದೆ ಕಣಮ್ಮ."

ಅವಳು ಪಾತ್ರೆಗಳನ್ನು ಚೀಲಕ್ಕೆ ತುಂಬಿಕೊಂಡು, ಬತ್ತೀನಿ ಎಂದೂ ಹೇಳದೆ, ಶೆಟ್ಟಿಕೆರೆ ಬಸ್ಸಿನ ಕಡೆ ನಡೆದಳು.